ದಾಕ್ಷಾಯಣಮ್ಮನವರ ಮನೆ ಮುಂದಿನ ಜೀಪು

ಯಾದವಗಿರಿಯ ಆ ಬೀದಿಯಲ್ಲಿ ದಾಕ್ಷಾಯಣಮ್ಮನವರ ಮನೆಯ ಹೊಸ್ತಿಲೆಂದರೆ ಸಾಮಾನ್ಯವಲ್ಲ. ಚಪ್ಪಲಿ ಮೆಟ್ಟಿಕೊಂಡು ಅದನ್ನು ದಾಟಿದವರೇ ಇಲ್ಲ. ತಲೆಮಾರುಗಳಿಂದ ಮಂಡಿ ವ್ಯಾಪಾರ ಮಾಡಿದ ಮನೆತನ. ಒಬ್ಬರೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿಲ್ಲವೆಂಬುದು ಆಕೆಗೆ ಮೈಮೇಲಿನ ಒಡವೆಗಿಂತ ಹೆಚ್ಚು. ಹೀಗಿರುವಾಗ ಗಸ್ತಿನ ಜೀಪು ದಿನಾ ಬೆಳಿಗ್ಗೆ ಬಂದು ಅವರ ಗೇಟಿನೆದುರಿನ ಹೊಂಗೆ ಮರದಡಿಯೇ ನಿಂತರೆ ಸುಮ್ಮನಿದ್ದಾರೆಯೇ?

"ಮನೆ ಮುಂದೆ ಪೊಲೀಸ್ ಜೀಪು ನಿಂತ್ರೆ ನೋಡ್ದೋರು ಏನಂದ್ಕೋತಾರಪ್ಪ? ಮಾನವಾಗಿ ಬಾಳ್ದೋರ ಮನೆ ಇದು. ಆ ತಿರುವಿನಾಚೆ ನಿಲ್ಲಿಸ್ಕೊಳ್ಳಿ," ಎಂದು ಗೇಟಿನಿಂದಲೇ ಹೇಳಿದರು.

"ಆಯ್ತು ಬುಡಿ ತಾಯಿ," ಎಂದ ಹೆಡ್ ಕಾನ್‌ಸ್ಟೆಬಲ್ ಚೆಲುವರಾಜು. ನೆರಳು ಕಳೆದುಕೊಂಡ ಡ್ರೈವರ್ ಮೂಗಯ್ಯ ಮಾತ್ರ ಗೊಣಗುತ್ತಲೇ ಗಾಡಿ ತಿರುಗಿಸಿದ.

ಆ ವರ್ಷ ಊರಿನ ಗಸ್ತು ಜೀಪುಗಳಿಗೆ ಹೊಸದೊಂದು ಪೆಟ್ಟಿಗೆ ಬಂದಿತ್ತು. ಹೃದಯ ಲಯ ತಪ್ಪಿ ಕುಸಿದವರಿಗೆ ಕರೆಂಟು ಕೊಟ್ಟು ಬದುಕಿಸುವ ಯಂತ್ರ. ಎಷ್ಟೋ ಸಲ ಆಂಬುಲೆನ್ಸಿಗಿಂತ ಮೊದಲು ತಲುಪುವುದು ಪೊಲೀಸರೇ, ಅವರ ಬಳಿಯೇ ಇರಲಿ ಎಂಬ ಯೋಚನೆ. ಪೇಪರಿನಲ್ಲಿ ಅದರ ಫೋಟೊ ನೋಡಿ ದಾಕ್ಷಾಯಣಮ್ಮ ನಕ್ಕುಬಿಟ್ಟಿದ್ದರು.

"ಲಾಠಿ ಹಿಡಿಯೋರಿಗೆ ಡಾಕ್ಟರ ಕೆಲಸ! ಚೆನ್ನಾಗಿದೆ ಕಣ್ರೀ."

"ಯಾರ ಕೈಲಿ ಏನಿದ್ಯೋ, ಬಿಡೇ," ಎಂದಿದ್ದರು ಅವರ ಯಜಮಾನರು ಶಿವಮಲ್ಲಪ್ಪ, ಕಾಫಿ ಹೀರುತ್ತ.

ಆ ಶಿವಮಲ್ಲಪ್ಪನವರೇ ಒಂದು ಸೋಮವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ನಡುಮನೆಗೆ ಬಂದವರು, ಹಣೆಯ ವಿಭೂತಿ ಆರುವ ಮೊದಲೇ ದೊಪ್ಪನೆ ಬಿದ್ದರು. ಕೂಗಿದರೆ ಓಗೊಡಲಿಲ್ಲ. ಮೂಗಿನ ಬಳಿ ಬೆರಳಿಟ್ಟರೆ ಉಸಿರಿಲ್ಲ. ಅಡುಗೆಯ ಮಂಗಳಮ್ಮ ಆಂಬುಲೆನ್ಸಿಗೆ ಫೋನು ಮಾಡುತ್ತಿದ್ದಂತೆ ದಾಕ್ಷಾಯಣಮ್ಮನಿಗೆ ಜೀಪಿನ ನೆನಪಾಯಿತು. ಸೆರಗು ಜಾರಿದ್ದೂ ತಿಳಿಯದೆ ಬರಿಗಾಲಿನಲ್ಲಿ ತಿರುವಿನತ್ತ ಓಡಿದರು. ತಾನೇ ಆಚೆಗಟ್ಟಿದ ಜೀಪು. ಗೇಟಿನೆದುರೇ ಇದ್ದಿದ್ದರೆ ಒಂದು ಕೂಗು ಸಾಕಿತ್ತಲ್ಲ ಎಂದು ತನ್ನನ್ನೇ ಶಪಿಸಿಕೊಂಡರು.

"ನಮ್ಮೋರು ಬಿದ್ಬುಟ್ರಪ್ಪಾ! ಉಸಿರೇ ಇಲ್ಲ, ಬನ್ನಿ!"

ಆಕೆಯನ್ನು ಹತ್ತಿಸಿಕೊಂಡ ಜೀಪು ಗೇಟಿಗೆ ಬಂದು ನಿಂತಿತು. ಚೆಲುವರಾಜು ಪೆಟ್ಟಿಗೆ ಹಿಡಿದು ಒಂದೇ ಉಸಿರಿಗೆ ಓಡಿ ಬಂದವನು, ಹೊಸ್ತಿಲಿನ ಮುಂದೆ ಗಕ್ಕನೆ ನಿಂತು ಬೂಟಿನ ಲೇಸು ಬಿಚ್ಚಲು ಬಗ್ಗಿದ. ಆ ಹೊಸ್ತಿಲಿನ ಕೀರ್ತಿ ಅವನಿಗೂ ಗೊತ್ತಿತ್ತು.

"ಬೂಟು ಹಾಗೇ ಇರ್ಲಿ ಕಣೋ! ತುಳ್ಕೊಂಡೇ ಬಾ!" ಎಂದು ದಾಕ್ಷಾಯಣಮ್ಮ ಚೀರಿದರು.

ಮೂಗಯ್ಯ ಮೊಣಕಾಲೂರಿ ಎದೆ ಒತ್ತತೊಡಗಿದ. ಇವರನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗದೆ ಇದೇನು ಮಾಡುತ್ತಿದ್ದಾರೆ ಎಂದು ಆಕೆಗೆ ಸಿಟ್ಟೇ ಬಂತು. ಚೆಲುವರಾಜು ಅಂಗಿ ಹರಿದು, ಎದೆಗೆ ಅಂಟಿಸುವ ಪಟ್ಟಿ ಕೈಗೆತ್ತಿಕೊಂಡವನು ತಡೆದು ನಿಂತ. ಎದೆಯ ಮೇಲೆ ಬೆಳ್ಳಿಯ ಕರಡಿಗೆ. ಅದರೊಳಗೆ ಇಷ್ಟಲಿಂಗ; ಗುರುಗಳು ಕೊಟ್ಟ ದಿನದಿಂದ ಶಿವಮಲ್ಲಪ್ಪನವರ ಮೈಬಿಟ್ಟು ಅಗಲಿದ್ದಲ್ಲ. ಅದು ಮೈಬಿಟ್ಟರೆ ಪ್ರಾಣವೇ ಬಿಟ್ಟಂತೆ ಎಂಬ ನಂಬಿಕೆ.

"ತಾಯಿ, ಕರೆಂಟು ಕೊಡೋ ಜಾಗದಲ್ಲಿ ಬೆಳ್ಳಿ ಇರ್ಬಾರ್ದು. ನಾನೆಂಗೆ ಮುಟ್ಲಿ? ನೀವೇ..."

"ತೆಗೀಬೇಕೇನಪ್ಪಾ?"

"ತೆಗೀಬೇಡಿ. ಭುಜದ ಕಡೆ ಸರಿಸಿ, ಸಾಕು. ಬೇಗ ತಾಯಿ!"

ಸರಿಸಿದರೆ ಗಂಡನನ್ನು ಕಳಿಸಿಕೊಟ್ಟಂತೆ ಎಂದಿತು ಒಂದು ಮನಸ್ಸು. ಸರಿಸದಿದ್ದರೆ ಕಳಿಸಿಕೊಡಲೇಬೇಕು ಎಂದಿತು ಇನ್ನೊಂದು. "ಶಿವನೇ, ಒಂಚೂರು ಜಾಗ ಬಿಡಪ್ಪಾ," ಎನ್ನುತ್ತ ದಾಕ್ಷಾಯಣಮ್ಮ ಕರಡಿಗೆಯನ್ನು ಎಡಭುಜದ ಮೇಲಕ್ಕೆ ಸರಿಸಿದರು.

ಪಟ್ಟಿ ಅಂಟುತ್ತಲೇ ಪೆಟ್ಟಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿತು. "ಯಾರೂ ಮುಟ್ಬೇಡಿ!" ಎಂದು ಚೆಲುವರಾಜು ಗುಂಡಿ ಒತ್ತಿದ. ಶಿವಮಲ್ಲಪ್ಪನವರ ಮೈ ಎಗರಿಬಿತ್ತು. ಮತ್ತೆ ಎದೆ ಒತ್ತಿದರು, ಮತ್ತೆ ಒತ್ತಿದರು. ಆಮೇಲೆ ಒಂದು ನರಳಾಟ. ಮದುವೆಯಾದಂದಿನಿಂದ ಗಂಡನ ಬಾಯಿಂದ ಅಷ್ಟು ಇಂಪಾದ ದನಿಯನ್ನು ಆಕೆ ಕೇಳಿರಲಿಲ್ಲ.

ಆಂಬುಲೆನ್ಸು ಬಂತು. ಆಸ್ಪತ್ರೆಯ ಡಾಕ್ಟರು, "ನಾವು ಮಾಡೋದನ್ನ ಮನೆಯಲ್ಲೇ ಮಾಡಿ ಕಳಿಸಿದ್ದಾರಮ್ಮ, ಉಳಿದುಕೊಂಡರು," ಎಂದರು. ಸಂಜೆ ಬಟ್ಟೆಬರೆ ಒಯ್ಯಲು ಮನೆಗೆ ಬಂದರೆ, ಮಂಗಳಮ್ಮ ನಡುಮನೆಯ ಬೂಟಿನ ಗುರುತು ಒರೆಸಲು ಬಕೆಟ್ಟು ಹಿಡಿದು ನಿಂತಿದ್ದಳು.

"ಇವತ್ತೊಂದಿನ ಇರ್ಲಿ ಬಿಡು," ಎಂದು ಆ ಗುರುತುಗಳನ್ನು ದಾಟಿಕೊಂಡು ನಡೆದರು ದಾಕ್ಷಾಯಣಮ್ಮ.

ಯಜಮಾನರು ಮನೆಗೆ ಮರಳಿದ ಮೇಲೆ ಜೀಪಿಗೆ ಬುಲಾವ್ ಹೋಯಿತು. ಹೊಂಗೆ ಮರದಡಿ ಅದು ಬಂದು ನಿಂತದ್ದೇ ತಡ, ಪಕ್ಕದ ಮನೆಯ ಅಂಬುಜಮ್ಮ ಕಾಂಪೌಂಡಿನ ಮೇಲೆ ಕತ್ತು ಚಾಚಿದರು.

"ಏನ್ರೀ, ಮನೆ ಮುಂದೆ ಪೊಲೀಸ್ ಜೀಪು?"

"ಹೌದು ಕಣ್ರೀ, ನಮ್ಮ ಮನೆ ಮುಂದೇನೇ! ಇನ್ಮೇಲೆ ದಿನಾ ಇಲ್ಲೇ ನಿಲ್ಲುತ್ತೆ," ಎಂದರು ದಾಕ್ಷಾಯಣಮ್ಮ, ಬೀದಿಗೆಲ್ಲ ಕೇಳುವಂತೆ.

ಒಳಗೆ ಶಿವಮಲ್ಲಪ್ಪ ಕಾಫಿಗೆ ಕಾಯುತ್ತ ಕೂತಿದ್ದರು, ಕರಡಿಗೆ ಎದೆಯ ಮೇಲೆ ತನ್ನ ಜಾಗದಲ್ಲೇ ಇತ್ತು. ಚೆಲುವರಾಜು, ಮೂಗಯ್ಯ ಇಬ್ಬರೂ ಹೊಸ್ತಿಲವರೆಗೆ ಬಂದು, ಬೂಟು ಬಿಚ್ಚುವುದೋ ಬೇಡವೋ ತಿಳಿಯದೆ ಆಕೆಯ ಮುಖ ನೋಡಿದರು.

"ಇವತ್ತು ಬಿಚ್ಚಿಟ್ಟೇ ಬನ್ರಪ್ಪ," ಎಂದು ನಕ್ಕರು ದಾಕ್ಷಾಯಣಮ್ಮ. "ಇವತ್ತೇನೂ ಅವಸರ ಇಲ್ಲ."