ಸಪ್ಪೆ ಎಲೆ

ಮಗಳು ಚಿಗುರೊಂದನ್ನು ಬಗ್ಗಿಸಿ ನೆಕ್ಕಿದಳು. ನಾಲಿಗೆ ಚುರುಗುಟ್ಟಿತು. ಪಕ್ಕದ ಮರದ್ದೂ ಅಷ್ಟೇ, ಅದರಾಚೆಯದೂ ಅಷ್ಟೇ.

“ಅಪ್ಪನ ಹೆಣ ಒಳಗಿದೆ, ನೀನಿಲ್ಲಿ ಸೊಪ್ಪು ನೆಕ್ತಾ ನಿಂತಿದ್ದೀಯಲ್ಲೇ,” ಎಂದು ಅತ್ತೆ ಹಿಂದಿನಿಂದ ಬಂದು ರಟ್ಟೆ ಹಿಡಿದಳು. “ನಮ್ಮಣ್ಣನ ಹುಚ್ಚು ಇವಳಿಗೂ ಹತ್ತಿದೆ ಅಂತಾರೆ ನೋಡಿದವರು.”

“ಉಪ್ಪು ಕೂತಿದೆ ಅತ್ತೆ. ಬಿಸಿಲು ಏರಿದರೆ ಚಿಗುರೆಲ್ಲ ಸುಟ್ಟುಹೋಗುತ್ತೆ.”

“ಸುಟ್ಟರೆ ಸುಡಲಿ. ಹೆಣ ಒಯ್ಯೋಕೆ ಹನ್ನೊಂದಕ್ಕೆ ವ್ಯಾನು ಬರುತ್ತೆ.”

ಪುರಸಭೆಯ ಇಂಜಿನಿಯರು ಬರುವುದೂ ಹನ್ನೊಂದಕ್ಕೇ. ಕಡಲ ರಸ್ತೆಯ ಇಪ್ಪತ್ತೊಂದು ಮರಗಳಿಗೂ ರೋಗ ಬಡಿದಿದೆ, ಕಡಿಯಬೇಕು ಎಂದು ಆತ ಬರೆದಿಟ್ಟು ಒಂದು ತಿಂಗಳಾಗಿತ್ತು. ಯಾರೂ ಎಲ್ಲಿಂದಲೂ ತಂದು ನೆಟ್ಟದ್ದಲ್ಲ, ಈ ನೆಲದ್ದೇ ಜಾತಿ, ಅಂಗೈಯಗಲದ ಎಲೆ. ಪ್ರತಿ ಮರದಲ್ಲೂ ಕಡಲ ಕಡೆಯ ಅರ್ಧ ಕಂದು, ಮನೆಗಳ ಕಡೆಯ ಅರ್ಧ ಹಸಿರು.

“ರೋಗಕ್ಕೆ ಕಡಲು ಯಾವ ಕಡೆ ಇದೆ ಅಂತ ಗೊತ್ತಿರುತ್ತಾ ಸಾರ್?” ಎಂದು ಅಪ್ಪ ಕೇಳಿದ್ದ. ಪುರಸಭೆಯ ಮಾಲಿಯಾಗಿ ಮೂವತ್ತು ವರ್ಷ ಆ ಮರಗಳನ್ನು ಸಾಕಿದವನು. “ಇದು ಉಪ್ಪು. ಒಂದ್ಸಲ ನೆಕ್ಕಿ ನೋಡಿ.”

“ನಾನೇನು ಮೇಕೆನಾ?” ಎಂದು ಇಂಜಿನಿಯರು ನಕ್ಕಿದ್ದ.

ಕೊನೆಗೆ ಇವನ ಕಾಟ ತಪ್ಪಿದರೆ ಸಾಕೆಂದು ತಿಂಗಳ ಗಡುವು ಕೊಟ್ಟ. ಚಿಗುರು ಬಂದು ನಿಂತರೆ ಮರ ಉಳಿಯುತ್ತದೆ. ಇಲ್ಲದಿದ್ದರೆ ಬುಡಕ್ಕೆ ಕೆಂಪು ಬಣ್ಣದ ಗುರುತು. ಅಪ್ಪ ಹಗಲೆಲ್ಲ ಎಲೆಯ ಉಪ್ಪು ತೊಳೆದು ಚಿಗುರು ತರಿಸಿದ. ಗಡುವಿಗೆ ಒಂದೇ ದಿನ ಬಾಕಿಯಿದೆ ಎನ್ನುವಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅದೇ ಸಂಜೆ ಎದ್ದ ಕಡಲ ಗಾಳಿ ಬೆಳಗಿನ ತನಕ ಬೀಸಿತ್ತು.

ಅಪ್ಪನ ಗೆಳೆಯ, ಟ್ಯಾಂಕರ್ ಚಾಲಕ, ಯಾರೂ ಹೇಳದೆಯೇ ನೀರು ತುಂಬಿಸಿಕೊಂಡು ಬಂದಿದ್ದ. “ನೀನು ಒಳಗೆ ಹೋಗಮ್ಮ, ನಾನು ಹೊಡೀತೀನಿ,” ಎಂದು ಪೈಪು ಎತ್ತಿದ. ನೀರು ರಭಸದಿಂದ ಚಿಮ್ಮಿತು. ಎರಡು ಚಿಗುರು ಹರಿದು ರಸ್ತೆಗೆ ಬಿದ್ದವು.

“ನಿಲ್ಲಿಸಿ ಮಾಮ,” ಎಂದಳು ಮಗಳು. “ಗಾಯ ಮಾಡ್ತಿದ್ದೀರಿ.”

*

ಅವಳಿಗೆ ಎಂಟು ವರ್ಷವಿದ್ದಾಗ ಅಪ್ಪ ಅವಳ ಕೈಗೆ ಪೈಪು ಕೊಟ್ಟಿದ್ದ.

“ಬಾಯಿಗೆ ಹೆಬ್ಬೆರಳು ಅಡ್ಡ ಇಡು. ಹೊಡೀಬಾರದು, ಸವರಬೇಕು. ಗಾಳಿಗೆ ಎಲೆಗೆ ಎಲೆ ಉಜ್ಜಿ ಮೊದಲೇ ಗೀರು ಬಿದ್ದಿರುತ್ತೆ. ಉಪ್ಪು ಒಳಗೆ ನುಗ್ಗೋದೇ ಆ ಗೀರಿನಿಂದ. ನಾವು ಬೇರೆ ಗೀರೋದು ಬೇಡ.”

ತೊಳೆದ ಮೇಲೆ ನೆಕ್ಕಿ ನೋಡಿ, “ಸಪ್ಪೆ,” ಎಂದು ಬೀಗುತ್ತಿದ್ದ. ಬೇರೆಯವರ ಬಾಯಲ್ಲಿ ದೂರು ಎನಿಸುವ ಮಾತು ಅವನ ಬಾಯಲ್ಲಿ ಮೆಚ್ಚುಗೆ. ತಟ್ಟೆಯ ಮುಂದೆ ಕೂತು, “ಇವತ್ತು ಎಲ್ಲಾ ಸಪ್ಪೆ ಕಣೇ,” ಎಂದರೆ, “ಹಾಗಾದ್ರೆ ನಾಳೆಯಿಂದ ನೀವೇ ಬೇಯಿಸ್ಕೊಳ್ಳಿ,” ಎಂದು ಅಮ್ಮ ಸೌಟು ಕುಕ್ಕುತ್ತಿದ್ದಳು.

ಅಮ್ಮ ತೀರಿಹೋದ ದಿನದ ಹಿಂದಿನ ರಾತ್ರಿಯೂ ಗಾಳಿ ಬೀಸಿತ್ತು. ಬಂದವರೆಲ್ಲ ಅಪ್ಪನೆಲ್ಲಿ ಎಂದು ಹದಿನೇಳರ ಹುಡುಗಿಯನ್ನು ಕೇಳಿದರು. ಎರಡು ಗಂಟೆ ಕಳೆದು ಒದ್ದೆ ಅಂಗಿಯಲ್ಲಿ ಬಂದವನಿಗೆ ಅವಳು, “ನೀನು ಮರಾನೇ ಕಟ್ಟಿಕೊಳ್ಳಬೇಕಿತ್ತು,” ಎಂದಳು. ಅವಳು ಮತ್ತೆ ಪೈಪು ಮುಟ್ಟಲಿಲ್ಲ.

*

ಈಗ ಒಂಬತ್ತೂವರೆ. ಮಗಳು ಚಾಲಕನ ಕೈಯಿಂದ ಪೈಪು ತೆಗೆದುಕೊಂಡಳು.

“ಅವತ್ತು ಅವನು ಮಾಡಿದ್ದನ್ನೇ ನೀನೂ ಮಾಡ್ತಿದ್ದೀಯ,” ಎಂದಳು ಅತ್ತೆ.

“ಗೊತ್ತು ಅತ್ತೆ.”

ಅಪ್ಪನ ಮೇಲಿನ ಸಿಟ್ಟು ಕರಗಿರಲಿಲ್ಲ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವಳು ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟಳು. ನೀರು ಬೀಸಣಿಗೆಯ ಹಾಗೆ ಹರಡಿತು. ಬೆರಳು ಮರೆತಿರಲಿಲ್ಲ, ಅದಕ್ಕೂ ಅವಳಿಗೆ ಸಿಟ್ಟು ಬಂತು.

ಚಾಲಕ ಟ್ಯಾಂಕರನ್ನು ಮರದಿಂದ ಮರಕ್ಕೆ ಅಂಗುಲಂಗುಲವಾಗಿ ಸರಿಸಿದ. ಏಳನೆಯ ಮರಕ್ಕೆ ಹೋಗುವಾಗ ಬಿಸಿಲು ಮನೆಗಳ ಗೋಡೆ ದಾಟಿತು. ಹನ್ನೆರಡನೆಯ ಮರಕ್ಕೆ ಬೆರಳು ಮರಗಟ್ಟಿತು. ಹದಿನಾರನೆಯ ಮರದ ಕೆಳಗಿದ್ದಾಗ ವ್ಯಾನು ಬಂದು ಹಾರನ್ ಹೊಡೆಯಿತು. ಮನೆ ಬಾಗಿಲಲ್ಲಿ ನಿಂತವರು ಇವಳನ್ನೇ ನೋಡುತ್ತ ಗುಸುಗುಸು ಶುರು ಮಾಡಿದರು. ಅವಳು ತಲೆ ತಿರುಗಿಸಲಿಲ್ಲ. ಇಪ್ಪತ್ತನೆಯದು ಮುಗಿಯುತ್ತಿದ್ದಂತೆ ಪೈಪು ಗೊರಗೊರ ಎಂದು ನಿಂತಿತು. ಕೊನೆಯ ಮರದ ಚಿಗುರುಗಳ ಅಂಚು ಆಗಲೇ ಕಂದಾಗತೊಡಗಿತ್ತು.

“ಇನ್ನೊಂದು ಲೋಡಿಗೆ ಹೊತ್ತಿಲ್ಲಮ್ಮ,” ಎಂದ ಚಾಲಕ.

ಅವಳು ಮನೆಗೆ ಓಡಿದಳು. ಅತ್ತೆ ಅಣ್ಣನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ನೇರ ಮಾಡುತ್ತಿದ್ದಳು. ಹೆಬ್ಬೆರಳು ಮಾತ್ರ ಬಗ್ಗಿದಲ್ಲೇ ಬಗ್ಗಿತ್ತು. ತುದಿ ಚಪ್ಪಟೆ, ಮೂವತ್ತು ವರ್ಷದ ಪೈಪಿನ ಗುರುತು. ಮಗಳು ಪಕ್ಕದಲ್ಲಿ ಕೂತು ಆ ಕೈ ಹಿಡಿದಳು. ನೀರಿಗೆ ಬೆಳ್ಳಗೆ ಸುಕ್ಕುಗಟ್ಟಿದ ಅವಳ ಹೆಬ್ಬೆರಳನ್ನು ಅತ್ತೆ ನೋಡಿದಳು. ಸೆರಗಿನಿಂದ ಅದನ್ನು ಒರೆಸಿದಳು.

ಅಪ್ಪನನ್ನೂ ಇವರಿಬ್ಬರನ್ನೂ ಹೊತ್ತು ಹೊರಟ ವ್ಯಾನು ಮೂರು ಮರ ದಾಟುವಷ್ಟರಲ್ಲಿ ನಿಂತಿತು. ರಸ್ತೆಯಲ್ಲಿ ಇಂಜಿನಿಯರು ಕೆಂಪು ಬಣ್ಣದ ಡಬ್ಬಿ, ಕುಂಚ ಹಿಡಿದು ಗಲಿಬಿಲಿಯಾಗಿ ನಿಂತಿದ್ದ.

“ಸಂಸ್ಕಾರ ಇವತ್ತೇ ಅಂತ ಗೊತ್ತಿರಲಿಲ್ಲ. ಕ್ಷಮಿಸಿ,” ಎಂದ. ಮತ್ತೆ ದೂರದ ಕೊನೆಯ ಮರದತ್ತ ಕುಂಚ ತೋರಿಸಿ, “ಆದರೆ ರೋಗ ಇನ್ನೂ ಇದೆಯಲ್ಲ. ಅಲ್ಲಿ ನೋಡಿ,” ಎಂದ.

ಮಗಳು ಬಾಯಿ ತೆರೆಯುವ ಮೊದಲೇ ಅತ್ತೆ ವ್ಯಾನಿನಿಂದ ಇಳಿದಳು. ಯಾರಿಗೂ ಏನೂ ಹೇಳದೆ ಬಿಸಿಲಲ್ಲಿ ರಸ್ತೆಯ ಕೊನೆಯವರೆಗೂ ನಡೆದು ಹೋದಳು, ನಡೆದು ಬಂದಳು. ಅಷ್ಟು ಹೊತ್ತೂ ವ್ಯಾನು ಕಾದು ನಿಂತಿತು, ಹಿಂದಿನ ಜನ ಕಾದರು. ಕೊನೆಯ ಮರದ ಎಲೆ ಒಂದು ಕೈಯಲ್ಲಿ. ತಲೆಯ ಮೇಲೆ ತೊಟ್ಟಿಕ್ಕುತ್ತಿದ್ದ ಮರದಿಂದ ಕಿತ್ತ ಎಲೆ ಇನ್ನೊಂದರಲ್ಲಿ. ಎಲ್ಲರೆದುರು ಎರಡನ್ನೂ ನೆಕ್ಕಿದಳು. ಮೊದಲನೆಯದಕ್ಕೆ ಮುಖ ಕಿವುಚಿದಳು.

“ನಾನು ನೆಕ್ಕದ ಆ ಕಡೆಯಿಂದ ನೆಕ್ಕಿ,” ಎಂದು ಎಲೆಗಳನ್ನು ಮುಂದೆ ಹಿಡಿದಳು. “ಅವನು ಬದುಕಿದ್ದಾಗ ಕೇಳಿದ್ದ. ನೀವು ನೆಕ್ಕೋವರೆಗೂ ವ್ಯಾನು ಹೋಗಲ್ಲ.”

ಇಂಜಿನಿಯರು ಸುತ್ತ ನೋಡಿದ. ಯಾರೂ ನಗಲಿಲ್ಲ. ಡಬ್ಬಿಯನ್ನು ನೆಲಕ್ಕಿಟ್ಟು, ಮುಖ ಕಡಲ ಕಡೆ ತಿರುಗಿಸಿ, ಕಂದು ಎಲೆಗೆ ನಾಲಿಗೆ ತಾಗಿಸಿ ಉಗುಳಿದ. ಇನ್ನೊಂದಕ್ಕೆ ತಾಗಿಸಿದ.

“ಸಪ್ಪೆ,” ಎಂದ.

ಬಗ್ಗಿ, ಹೆಬ್ಬೆರಳಿನಿಂದ ಒತ್ತಿ, ಬಣ್ಣದ ಡಬ್ಬಿಯ ಮುಚ್ಚಳ ಮುಚ್ಚಿದ.