ಪ್ಲೈಕೀಯಖ್ತ್, ಸ್ತ್ರೀಲಿಂಗ

ಕೆಂಪು ದೀಪ ಮಿಣುಕುತ್ತಿದೆ, ರೆಕಾರ್ಡರಿನದು, ಕಡಲಹಕ್ಕಿಯ ಕಣ್ಣಿನ ಹಾಗೆ—ಐರಿಷ್ ನಿಘಂಟಿಗೆಂದು ಡಬ್ಲಿನ್ನಿನಿಂದ ಬಂದ ಲೋರ್ಕಾನ್ ಕೇಳುತ್ತಲೇ ಇದ್ದಾನೆ, ಬೈರ್ಬರಜ್ಜಿ, ಪ್ಲೈಕೀಯಖ್ತ್ ಅಂದ್ರೆ ಕೋಡಂಗಿಯಾಟ ತಾನೆ, ನಿಮ್ಮ ಕಡೆ ಹೆಂಗೆ ಬಳಸ್ತೀರಿ, ಒಂದು ವಾಕ್ಯ ಹೇಳಿ. ಚೀಟಿಯಲ್ಲಿ ಆಗಲೇ ಬರೆದಾಗಿದೆ, ಸ್ತ್ರೀಲಿಂಗ, ಮೂಲ ಅನಿಶ್ಚಿತ—ಅನಿಶ್ಚಿತವಂತೆ! ಮೂಲ ಅವಳಿಗೆ ಗೊತ್ತು, ಮೂಲ ಅಕ್ಕ ನಾಪ್ಲ, ಅಪ್ಪನ ಬೂಟುಗಳನ್ನು ಕೈಗೆ ಹಾಕಿಕೊಂಡು, ಕಡಲಪಾಚಿಯನ್ನು ಕೊರಳಿಗೆ ಜೋತುಬಿಟ್ಟುಕೊಂಡು, ದೋಣಿಕಟ್ಟೆಯ ಮೇಲೆ ನಿಂತು ಥೇಟ್ ಪಾದ್ರಿಯ ಹಾಗೆ ಆಶೀರ್ವದಿಸುತ್ತಿದ್ದ ಹತ್ತೊಂಬತ್ತರ ನಾಪ್ಲ, ಅಟ್ಟೆಗೆ ಅಟ್ಟೆ ಬಡಿದು ಚಟ್ ಚಟ್, ಬಲೆ ಬಿಡಿಸುವ ಗಂಡಸರು ಹೊಟ್ಟೆ ಹಿಡಿದುಕೊಂಡು, ಸಾಕು ಬಿಡೇ ಮಾರಾಯ್ತಿ, ಬುಟ್ಟೀಲಿರೋ ಮೀನೂ ನಗ್ತಾ ನೀರಿಗೆ ಹಾರ್ತಾವೆ, ಅ ಫ್ಲೈಕ!—ಪ್ಲೈಕ ಅಂದರೆ ಕೋಡಂಗಿ, ಹೆಣ್ಣಾದರೂ ಪುಲ್ಲಿಂಗವೇ, ಕೂಗಿ ಕರೆದರೆ ಮಾತ್ರ ಪಕಾರ ಕರಗಿ ಫಕಾರ, ಬೈಗುಳವಲ್ಲ ಅದು, ತಣ್ಣಗಾದ ಬೆರಳಿಗೆ ಊದಿದ ಬಿಸಿಯುಸಿರು—ಅವಳ ಬೆನ್ನ ಹಿಂದೆಯೇ ಪಾದ್ರಿ ನಿಂತಿದ್ದ, ಅವನು ನಗಲಿಲ್ಲ. ಮೂರೇ ದಿನಕ್ಕೆ ಡಾಕ್ಟರನ್ನು ಕರೆತಂದ, ಐರಿಷ್ ಬಾರದ ಡಾಕ್ಟರು, ಇಂಗ್ಲಿಷ್ ಬಾರದ ಅವ್ವ, ನಡುವೆ ಮಾತು ದಾಟಿಸಲು ಇಂಗ್ಲಿಷಿನಲ್ಲಿ ಬಹುಮಾನ ಗೆದ್ದ ಹತ್ತು ವರ್ಷದ ಬೈರ್ಬರ, ಅವ್ವ ಅಂದಳು ಕೋಡಂಗಿಯಾಟದಲ್ಲಿ ಇದಾಳೆ ಸ್ವಾಮಿ, ಅಷ್ಟೇ—ಇದಾಳೆ, ಮಳೆಯಲ್ಲಿರುವ ಹಾಗೆ, ಜ್ವರದಲ್ಲಿರುವ ಹಾಗೆ, ಹೊರಗೆ ಬರುತ್ತಾಳೆ. ನಮ್ಮಲ್ಲಿ ಇರುವುದಕ್ಕೊಂದು ಪದ, ಆಗಿರುವುದಕ್ಕೆ ಇನ್ನೊಂದು, ಇಂಗ್ಲಿಷಿಗೆ ಎರಡಕ್ಕೂ ಅದೇ ಒಂದು ಈಸ್, ಆಟಕ್ಕೆ ಪದ ಹೊಳೆಯಲಿಲ್ಲ, ಆಡುವವಳಿಗೆ ಹೊಳೆಯಿತು, ಶಿ ಈಸ್ ಎ ಫೂಲ್, ಸರ್—ಪೆನ್ನು ಓಡಿತು, ಬುದ್ಧಿಮಾಂದ್ಯೆ, ರುಜು. ಏನಂದೆ, ಏನು ಬರ್ಕೊಂಡ್ರು, ಅಂತ ಅವ್ವ. ನಾಣ್ಯದ ಮೇಲೆ ಐರಿಷ್, ಅಂಚೆಚೀಟಿಯ ಮೇಲೆ ಐರಿಷ್, ಹೆಣ್ಣೊಬ್ಬಳನ್ನು ಹುಚ್ಚಾಸ್ಪತ್ರೆಗೆ ತಳ್ಳುವ ಕಾಗದದಲ್ಲಿ ಮಾತ್ರ ಒಂದಕ್ಷರ ಇಲ್ಲ, ಥೂ, ಒಬ್ಬ ಪಾದ್ರಿಯ ಜಂಬಕ್ಕೆ ಮೂವತ್ತೆಂಟು ವರ್ಷ, ಹೆಣ ಕೂಡ ಆಸ್ಪತ್ರೆಯ ಗೋಡೆಯೊಳಗೇ ಮಣ್ಣಾಯಿತು—ಕಡೆಯ ಸಲ ನೋಡಲು ಹೋದಾಗ ಅ ಫ್ಲೈಕ ಎಂದು ಮೆಲ್ಲಗೆ ಕರೆದಳು, ನಾಪ್ಲ ತಿರುಗಲಿಲ್ಲ, ತನ್ನ ಬರಿಗೈಗಳನ್ನೇ ನೋಡುತ್ತಿದ್ದಳು. ಹತ್ತು ವರ್ಷದ ಕೂಸಿಗೇನು ತಿಳೀತದೆ ಅಂದರು ಎಲ್ಲರೂ, ಆದರೆ ಡಾಕ್ಟರು ತಲೆ ಸವರಿ ಗುಡ್ ಗರ್ಲ್ ಅಂದಾಗ ಹಿಗ್ಗಿದ್ದಳಲ್ಲ, ಅದನ್ನು ಯಾರಿಗೆ ಹೇಳುವುದು, ಯಾವ ನಿಘಂಟಿನಲ್ಲಿ ಹಾಕುವುದು—ಯಾವುದಾದ್ರೂ ನಡೀತದೆ ಅಜ್ಜಿ, ಸಣ್ಣ ವಾಕ್ಯ ಸಾಕು—ಬಾಯಿ ತೆರೆಯುತ್ತಾಳೆ, ಅವಳು ಕೋಡಂಗಿಯಾಟದಲ್ಲಿ, ಆಟದಲ್ಲಿ, ನಾಪ್ಲಳನ್ನು ಕೂರಿಸಿಕೊಂಡು ಕಾರು ಹೊರಟಿದೆ, ತಂಗಿ ಅಳಬಾರದೆಂದು ಹಿಂದಿನ ಗಾಜಿನೊಳಗಿಂದ ಕೈಬೂಟು ಬಡಿಯುತ್ತಿದ್ದಾಳೆ, ಚಟ್ ಚಟ್, ಕೇಳಿಸುತ್ತಿಲ್ಲ, ಗಾಜಿಗೊತ್ತಿದ ಅಟ್ಟೆ, ಎರಡು ಅಟ್ಟೆ, ಎರಡು