ಚಂದ್ರಿಗೆ ಹರಕೆಯ ಕಡಲೆ

ಭಾನುವಾರ ಬೆಳಗಾದರೆ ಸಿದ್ದಗಂಗಮ್ಮನ ಅಂಗಳದಲ್ಲಿ ಜನವೋ ಜನ. ಒಂದು ಕಡೆ ಮಗ ಮಲ್ಲೇಶನ ಹೋಂಸ್ಟೇಗೆ ಬಂದ ಪ್ರವಾಸಿಗಳು ಕಡುಬು ತಿನ್ನುತ್ತ, ದೇವರಮನೆ ಗುಡ್ಡಕ್ಕೆ ಹೊರಡುವ ಜೀಪಿಗೆ ಕಾಯುತ್ತಿರುತ್ತಾರೆ. ಇನ್ನೊಂದು ಕಡೆ ಊರಿನ ಹೆಂಗಸರು ನೆನೆಸಿದ ಕಡಲೆ, ಬೆಲ್ಲದ ತಟ್ಟೆ ಹಿಡಿದು ಚಂದ್ರಿಗೆ ಕಾಯುತ್ತಿರುತ್ತಾರೆ. ಚಂದ್ರಿ ಎಂದರೆ ಮಲ್ಲೇಶ ಪ್ರವಾಸಿಗಳ ಸವಾರಿಗೆಂದು ಚಿಕ್ಕಮಗಳೂರಿನಿಂದ ತಂದ ಬಿಳಿ ಕುದುರೆ. ಅದು ವ್ಯಾನಿನಿಂದ ಇಳಿದ ದಿನವೇ ಸಿದ್ದಗಂಗಮ್ಮ ಆರತಿ ಎತ್ತಿದ್ದಳು. ಮನೆದೇವರು ಮೈಲಾರಲಿಂಗನ ವಾಹನವೇ ನಡೆದು ಬಂತೆಂದು ಕಡಲೆ ಬೆಲ್ಲ ತಿನ್ನಿಸಿದ್ದಳು. ಅದನ್ನು ಕಂಡು ಒಬ್ಬಳು ಹರಕೆ ಹೊತ್ತಳು, ಅವಳ ಕೆಲಸ ಕೈಗೂಡಿತು. ಇನ್ನು ಕೇಳಬೇಕೆ! ಮೈಲಾರನ ವಾರವಾದ ಭಾನುವಾರ ಬಂತೆಂದರೆ ತಟ್ಟೆಗಳ ಸಾಲು.

ತಟ್ಟೆ ಮೊದಲು ಸಿದ್ದಗಂಗಮ್ಮನ ಕೈಗೆ, ಆಮೇಲೆ ಕುದುರೆಯ ಬಾಯಿಗೆ. ಗಂಡ ತೀರಿಕೊಂಡು, ಕೊಟ್ಟಿಗೆಹಾರದ ಅಂಗಡಿ ಮುಚ್ಚಿದ ಮೇಲೆ ಊರು ಅವಳನ್ನು ಹೀಗೆ ಮುಂದೆ ನಿಲ್ಲಿಸಿ ಮಾತಾಡಿಸಿದ್ದು ಇದೇ ಮೊದಲು. ಅವಳಿಗೂ ಅದು ಹಿತವಾಗಿತ್ತು, ಸುಳ್ಳು ಯಾಕೆ ಹೇಳಬೇಕು.

ಆ ಭಾನುವಾರ ಮಾತ್ರ ಚಂದ್ರಿ ಬೇಲಿಯೊಳಗಿನ ಹಸಿರು ಹುಲ್ಲಿನಲ್ಲಿ ನಿಂತವಳು ನಿಂತೇ ಇದ್ದಳು. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಒಮ್ಮೆ ಈ ಕಾಲು ಒಮ್ಮೆ ಆ ಕಾಲು ಹಗುರ ಮಾಡುತ್ತಿದ್ದಳು. ಮಲ್ಲೇಶ ಹಗ್ಗ ಎಳೆದಾಗ, ಕಾದ ಹೆಂಚಿನ ಮೇಲೆ ಕಾಲಿಟ್ಟಂತೆ ಒಂದು ಹೆಜ್ಜೆ ಇಟ್ಟು ಅಲ್ಲೇ ನಿಂತುಬಿಟ್ಟಳು.

"ಬಾರೇ, ಸಾಕು ನಿನ್ನ ನಾಟಕ," ಎಂದು ಮಲ್ಲೇಶ ಕೋಲಿನಿಂದ ತೊಡೆಗೆ ಒಂದು ಬಿಟ್ಟ.

ಸಿದ್ದಗಂಗಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಲೋ, ಇನ್ನೊಂದೇಟು ಹಾಕಿದ್ರೆ ನಿನ್ನ ಕೈ ಮುರಿತೀನಿ ನೋಡು! ಕಣ್ಣು ಕಾಣ್ಸಲ್ವಾ ನಿಂಗೆ? ಆ ಡುಮ್ಮಣ್ಣರನ್ನೆಲ್ಲ ಹೊತ್ತು ಹೊತ್ತು ಅದರ ಕಾಲು ಬಿದ್ದೋಗಿದೆ!"

ಕಡುಬು ತಿನ್ನುತ್ತಿದ್ದ ಪ್ರವಾಸಿಯೊಬ್ಬ ಬಾಯಿಗೆ ಒಯ್ದ ತುತ್ತನ್ನು ಮೆಲ್ಲಗೆ ತಟ್ಟೆಗೆ ಇಳಿಸಿದ. ಮಲ್ಲೇಶನ ಮುಖ ಕೆಂಪಾಯಿತು.

"ಗೆಸ್ಟ್‌ಗಳ ಮುಂದೆ ಎಂತ ಮಾತಾಡ್ತೀಯ ಅವ್ವ? ಮುಳ್ಳು ಚುಚ್ಚಿರಬೇಕು. ನಾಲ್ಕು ಹೆಜ್ಜೆ ನಡೆಸಿದ್ರೆ ಸರಿಹೋಗುತ್ತೆ."

"ನೀನು ನಡಿ, ನಿನ್ನ ಕಾಲಿಗೆ ಮುಳ್ಳು ಚುಚ್ಚಿ ನಾನು ನಡೆಸ್ತೀನಿ! ಡಾಕ್ಟ್ರಿಗೆ ಫೋನ್ ಮಾಡು ಮೊದ್ಲು."

ಪಶುವೈದ್ಯೆ ಮಾಲವಿಕಾ ಮಧ್ಯಾಹ್ನದ ಹೊತ್ತಿಗೆ ಮೂಡಿಗೆರೆಯಿಂದ ಬಂದಳು. ವಯಸ್ಸು ಚಿಕ್ಕದು, ಮಾತು ಮಾತ್ರ ನೇರ. ಮುಂಗಾಲಿನ ಗೊರಸುಗಳ ಮೇಲೆ ಅಂಗೈ ಇಟ್ಟಳು. ಗೊರಸಿನ ಮೇಲಿನ ಗಂಟಿನ ಹಿಂದೆ ಬೆರಳೊತ್ತಿ ನಾಡಿ ನೋಡಿದಳು. ಕುತ್ತಿಗೆಯ ಮೇಲೆ ಬೆಳೆದ ಕೊಬ್ಬಿನ ದಿಂಡನ್ನು ಹಿಡಿದು ಅಲುಗಿಸಿದಳು. ಅದು ಮರದ ತುಂಡಿನ ಹಾಗೆ ಗಟ್ಟಿಯಾಗಿತ್ತು.

"ಲ್ಯಾಮಿನೈಟಿಸ್ ಅಂತ ಅನುಮಾನ ಅಮ್ಮ. ಗೊರಸಿನ ಒಳಗೆ ಮೂಳೆಯನ್ನ ಹಿಡಿದಿಡೋ ಪದರ ಇರುತ್ತೆ, ಅದು ಊದಿಕೊಂಡಿದೆ. ಎಕ್ಸ್‌ರೇ ಆದ್ಮೇಲೆ ಎಷ್ಟು ಹಾಳಾಗಿದೆ ಅಂತ ಗೊತ್ತಾಗುತ್ತೆ. ಆದ್ರೆ ಅದಕ್ಕೆ ಕಾಯೋದು ಬೇಡ, ಈಗಿಂದೀಗ ಹುಲ್ಲಿನಿಂದ ಹೊರಗೆ ತನ್ನಿ."

"ಹುಲ್ಲಿನಿಂದ ಹೊರಗಾ?" ಮಲ್ಲೇಶ ನಕ್ಕ. "ಮೇಡಂ, ಕುದುರೆ ಹುಲ್ಲು ತಿನ್ನದೆ ಬಿರಿಯಾನಿ ತಿನ್ನುತ್ತಾ? ಅವಳಿಗೇ ಅಂತ ಜಾಗ ಬಿಡಿಸಿ ಬೆಳೆಸಿದೀನಿ. ತೋಟಕ್ಕೆ ತಂದ ಯೂರಿಯಾನೂ ಹಾಕಿದೀನಿ."

"ಅದೇ ತೊಂದರೆ ಮಾಡಿದ್ದು. ಮಳೆ ಬಿಟ್ಟ ಮೇಲೆ ಹೀಗೆ ರಾತ್ರಿ ಚಳಿ, ಹಗಲು ಬಿಸಿಲಿದ್ದಾಗ ಬರೋ ಎಳೆ ಹುಲ್ಲಲ್ಲಿ ಸಕ್ಕರೆ ಜಾಸ್ತಿ. ಇವಳು ಮೊದಲೇ ದಪ್ಪ. ಅದರ ಮೇಲೆ ಇನ್ನೇನು ಕೊಡ್ತೀರಿ?"

ಸಿದ್ದಗಂಗಮ್ಮ ಹೆಮ್ಮೆಯಿಂದಲೇ ಕಡಲೆ ಬೆಲ್ಲದ ವಿಷಯ ಹೇಳಿದಳು. ಮಾಲವಿಕಾ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

"ಒಂದು ಕಾಳೂ ಕೊಡಬೇಡಿ. ಒಂದು ಚೂರು ಬೆಲ್ಲನೂ ಬೇಡ. ಕೊಟ್ಟಿಗೆಯಲ್ಲಿ ಮರದ ಹೊಟ್ಟು ದಪ್ಪಕ್ಕೆ ಹಾಸಿ ನಿಲ್ಲಿಸಿ. ಒಣಹುಲ್ಲು ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ನಾನು ಹೇಳಿದಷ್ಟೇ ಹಾಕಿ. ಪೂರ್ತಿ ಉಪವಾಸ ಕೆಡವಬಾರದು, ಅದೂ ಅಪಾಯ. ಗೊರಸಿಗೆ ತಣ್ಣೀರು, ಐಸ್ ಇಡಿ. ನೋವಿಗೆ ಇಂಜೆಕ್ಷನ್ ಕೊಡ್ತೀನಿ. ಅದರಿಂದ ಆರಾಮಾಗಿ ಕಾಣ್ತಾಳೆ, ವಾಸಿಯಾಯ್ತು ಅಂದ್ಕೊಂಡು ನಡೆಸಿಬಿಟ್ಟೀರಿ. ಒಳಗಿನ ಮೂಳೆ ಹಿಡಿತ ತಪ್ಪಿ ತಿರುಗಿದ್ರೆ ಅಂಗಾಲು ತೂತಾಗಿ ಹೊರಗೆ ಬರಬಹುದು. ಆಮೇಲೆ ಅವಳನ್ನ ಮಲಗಿಸಿಬಿಡೋದು ಒಂದೇ ದಾರಿ."

ಮಲಗಿಸುವುದು ಎಂದರೆ ಏನೆಂದು ಸಿದ್ದಗಂಗಮ್ಮ ಕೇಳಲಿಲ್ಲ. ಅರ್ಥವಾಗಿ ಹೆದರಿದ್ದಳು. ಆದರೆ ಡಾಕ್ಟರ ಜೀಪು ತಿರುವು ದಾಟಿತೋ ಇಲ್ಲವೋ, ಹೆದರಿಕೆ ಹೋಗಿ ಸಿಟ್ಟು ಬಂತು. ಸಾಯುವಷ್ಟು ನೋವಿರುವ ಜೀವಕ್ಕೆ ತಿನ್ನಲು ಕೊಡಬೇಡಿ ಅನ್ನುತ್ತಾಳಲ್ಲ, ಇವಳು ಎಂಥ ಡಾಕ್ಟರು! ಕಾಲು ಹಾಳಾದದ್ದು ಸವಾರಿಯಿಂದ. ಕಲ್ಲು ದಾರಿಯಲ್ಲಿ ಗುಡ್ಡ ಹತ್ತಿಸಿ ಇಳಿಸಿ ಮಾಡಿದವನು ಮಲ್ಲೇಶ. ದೇವರ ಹೆಸರಿನ ಕಡಲೆಗೂ ಕಾಲಿಗೂ ಎಲ್ಲಿಂದೆಲ್ಲಿಯ ಸಂಬಂಧ?

ಇಂಜೆಕ್ಷನ್ ಕೆಲಸ ಮಾಡಿತು. ವಾರದ ನಡುವೆ ಒಂದು ಬೆಳಿಗ್ಗೆ ಚಂದ್ರಿ ಕೊಟ್ಟಿಗೆಯೊಳಗೇ ತಿರುಗಿ ನಿಂತು ಕೆನೆದಳು. ಅಷ್ಟು ಸಾಕಾಯಿತು ಮಲ್ಲೇಶನಿಗೆ. ಹಾಸನದ ಮದುಮಕ್ಕಳು ದೇವರಮನೆಯ ಹುಲ್ಲುಗಾವಲಿನಲ್ಲಿ ಫೋಟೋ ತೆಗೆಸಿಕೊಳ್ಳಲು ಬಂದಿದ್ದರು. ಹುಡುಗ ಬಿಳಿ ಕುದುರೆಯ ಮೇಲೆ ಕೂರಬೇಕೆಂದು ಮೊದಲೇ ಮಾತಾಗಿತ್ತು. ಮಲ್ಲೇಶ ಜೀನು ತೆಗೆದುಕೊಂಡು ಬರುವಾಗ ಸಿದ್ದಗಂಗಮ್ಮ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಅವ್ವ, ಹತ್ತು ನಿಮಿಷದ ಕೆಲಸ. ಸುಮ್ನೆ ನಿಲ್ಲಿಸಿ ಫೋಟೋ ತೆಗೆಯೋದು ಅಷ್ಟೆ."

"ಗುಡ್ಡಕ್ಕೆ ಅದು ಹಾರಿಕೊಂಡು ಹೋಗುತ್ತಾ?"

"ಮಾತು ಕೊಟ್ಟಿದೀನಿ ಮಾರಾಯ್ತಿ! ಇಲ್ಲಿ ಎಲ್ಲ ಹೋಂಸ್ಟೇಯಲ್ಲೂ ಕಡುಬು ಸಿಗುತ್ತೆ, ಕಾಫಿ ಸಿಗುತ್ತೆ. ನಮ್ಮಲ್ಲಿಗೆ ಜನ ಬರೋದೇ ಇವಳಿಂದ. ಆ ಜನ ಹೋಗಿ ಕೆಟ್ಟದಾಗಿ ಬರೆದ್ರೆ ನಾಳೆ ಇಲ್ಲಿ ನಾಯಿನೂ ಬರಲ್ಲ. ನಂಗೇನು ಅವಳ ಮೇಲೆ ಪ್ರೀತಿ ಇಲ್ವಾ?"

"ಪ್ರೀತಿ ಅಂತೆ ಪ್ರೀತಿ! ನನ್ನ ಹೆಣ ದಾಟಿಕೊಂಡು ಹೋಗು."

ಮಲ್ಲೇಶ ಜೀನನ್ನು ಅಂಗಳಕ್ಕೆ ಎಸೆದು, ಮದುಮಕ್ಕಳ ಮುಂದೆ ಹಲ್ಲು ಗಿಂಜಿ ಕ್ಷಮೆ ಕೇಳಲು ಹೋದ. ಸಿದ್ದಗಂಗಮ್ಮನಿಗೆ ಗೆದ್ದ ಖುಷಿ. ಅದೇ ಖುಷಿಯಲ್ಲಿ ಒಳಗೆ ಹೋದಳು. ಚಂದ್ರಿ ಅವಳ ಸೆರಗಿಗೆ ಮೂತಿ ಒತ್ತಿ ಹುಡುಕಿದಳು. ಬೆಳಿಗ್ಗೆಯಷ್ಟೇ ಪಕ್ಕದ ಮನೆಯ ಕಲ್ಲಮ್ಮ, ಭಾನುವಾರದ ಹರಕೆ ತೀರಿಸಲಾಗಲಿಲ್ಲವೆಂದು ಬೇಲಿಯ ಮೇಲಿಂದ ಕೊಟ್ಟು ಹೋದ ಕಡಲೆ ಸೆರಗಿನಲ್ಲೇ ಇತ್ತು. ಬೇಡ ಅಂದರೆ ಕಲ್ಲಮ್ಮ ಏನೆಂದುಕೊಳ್ಳುತ್ತಾಳೆ? ಹಸಿದ ಜೀವ ಬಾಯಿ ಬಿಟ್ಟು ಕೇಳುತ್ತಿರುವಾಗ ಮುಚ್ಚಿಟ್ಟುಕೊಳ್ಳುವುದು ಯಾವ ನ್ಯಾಯ? ಒಂದು ಹಿಡಿ ಕೊಟ್ಟಳು. ಮರುದಿನವೂ ಕೊಟ್ಟಳು. ಇನ್ನೊಬ್ಬಳ ಹರಕೆಯ ಬೆಲ್ಲವೂ ಬಂತು, ಅದನ್ನೂ ಕೊಟ್ಟಳು. ಮಲ್ಲೇಶ ಮಾತ್ರ ದಿನವೂ ಮರದ ಹೊಟ್ಟು ಕೆದಕಿ ಒಣಗಿಸುತ್ತ, ಹುಲ್ಲು ನೆನೆಸುತ್ತ, ಐಸಿಗಾಗಿ ಕೊಟ್ಟಿಗೆಹಾರಕ್ಕೆ ಬೈಕು ಓಡಿಸುತ್ತ ಗೊಣಗುತ್ತಿದ್ದ.

ಶನಿವಾರ ಬೆಳಿಗ್ಗೆ ಚಂದ್ರಿ ಏಳಲಿಲ್ಲ. ಮಲಗಿದಲ್ಲೇ ಮೂಗಿನ ಹೊಳ್ಳೆ ಅರಳಿಸಿ ಉಸಿರು ಬಿಡುತ್ತಿದ್ದಳು. ಕತ್ತಿನ ಮೇಲೆ ಬೆವರು. ಗೊರಸು ಮುಟ್ಟಿದರೆ ಸುಡುತ್ತಿತ್ತು.

"ಕರ್ಕೊಂಡು ಹೋಗಿದ್ದೆ ಅಲ್ವಾ? ನಾನು ಸಂತೆಗೆ ಹೋದಾಗ ಕದ್ದು ಗುಡ್ಡಕ್ಕೆ ಕರ್ಕೊಂಡು ಹೋಗಿದ್ದೆ ಅಲ್ವೇನೋ?" ಸಿದ್ದಗಂಗಮ್ಮ ಮಗನ ಅಂಗಿ ಹಿಡಿದು ಜಗ್ಗಿದಳು. "ಫೋಟೋಕ್ಕೆ ಜೀವ ಮಾರಿದ ಪಾಪಿ ನೀನು! ನಿನ್ನ ಹೊಟ್ಟೆ ಇಂಗಿಹೋಗ!"

"ಇಲ್ಲ ಅವ್ವ. ಮೈಲಾರನಾಣೆ, ಕೊಟ್ಟಿಗೆ ಬಾಗಿಲು ದಾಟಿಸಿಲ್ಲ."

"ದೇವರ ಮೇಲೆ ಸುಳ್ಳು ಆಣೆ ಬೇರೆ!"

ಮಲ್ಲೇಶನ ಕಣ್ಣಲ್ಲಿ ನೀರು ಬಂದಿತ್ತು. ಸಿದ್ದಗಂಗಮ್ಮ ಅದನ್ನೂ ನಾಟಕವೆಂದೇ ತಿಳಿದು ಇನ್ನಷ್ಟು ಬೈದಳು.

ಮಾಲವಿಕಾ ಬಂದವಳೇ ಹೊಟ್ಟಿನ ಮೇಲೆ ಮೊಣಕಾಲೂರಿ ಕುಳಿತು ಇಂಜೆಕ್ಷನ್ ಕೊಟ್ಟಳು. ಕಾಲಿನ ಕೆಳಗಿನ ಹೊಟ್ಟು ಸರಿಮಾಡಲು ಕೈ ಹಾಕಿದಾಗ ಬೆರಳಿಗೆ ಏನೋ ಸಿಕ್ಕಿತು. ಅಂಗೈ ತೆರೆದು ತೋರಿಸಿದಳು: ಊದಿ ಒಡೆದ ಕಡಲೆ ಕಾಳುಗಳು, ಕರಗಿ ಅಂಟಿಕೊಂಡ ಬೆಲ್ಲದ ಚೂರು.

"ಇದು ಯಾರು ಕೊಟ್ಟಿದ್ದು?"

ಮಲ್ಲೇಶ ತಾಯಿಯ ಕಡೆ ನೋಡಿದ. ಅವನು ಬೈದಿದ್ದರೆ ಸಿದ್ದಗಂಗಮ್ಮ ಎರಡರಷ್ಟು ಬೈದು ಬಚಾವಾಗುತ್ತಿದ್ದಳೇನೋ.

"ಹರಕೆ ತೀರ್ಸೋದೂ ತಪ್ಪಾ?" ಎಂದಳು ಡಾಕ್ಟರ ಮೇಲೆ ಹರಿಹಾಯ್ದು. "ನಾಲ್ಕು ಕಾಳಿಗೆ ಕಾಲು ಹೋಗುತ್ತಾ? ಸುಮ್ನೆ ಏನೋ ಒಂದು ಹೇಳಬೇಡಿ ನೀವು!"

ಮಾಲವಿಕಾಗೂ ಸಿಟ್ಟು ಬಂತು. "ಅಮ್ಮ, ಕೈ ಮುಗಿದು ಕೇಳ್ತೀನಿ, ಪ್ರೀತಿ ಮಾಡೋದು ನಿಲ್ಲಿಸಿ. ಇವಳಿಗೆ ಈಗ ಬೆಲ್ಲವೂ ಒಂದೇ, ವಿಷವೂ ಒಂದೇ. ನಾಳೆ ಎಕ್ಸ್‌ರೇ ಮಷೀನು ತರಿಸ್ತೀನಿ. ಮೂಳೆ ಇನ್ನೂ ಜಾಗದಲ್ಲಿದ್ರೆ ತಿಂಗಳುಗಟ್ಟಲೆ ನೋಡಿಕೊಂಡು ಉಳಿಸಬಹುದು. ಇನ್ನೊಂದು ಸಲ ಹೀಗೆ ಮಾಡಿದ್ರೆ ನನ್ನನ್ನ ಉಳಿಸೋಕೆ ಕರೀಬೇಡಿ, ಸಾಯಿಸೋಕೆ ಕರೀರಿ."

ಅಂದು ಸಿದ್ದಗಂಗಮ್ಮ ಊಟ ಮಾಡಲಿಲ್ಲ. ಮಗನೊಡನೆ ಮಾತಾಡಲೂ ಇಲ್ಲ. ತಪ್ಪಾಯಿತು ಎಂಬ ಒಂದು ಮಾತು ಬಾಯಿಗೆ ಬರುತ್ತಿತ್ತು, ಬಂದದ್ದು ಹಲ್ಲಿನ ಹಿಂದೆಯೇ ನಿಲ್ಲುತ್ತಿತ್ತು. ಅದಕ್ಕೂ ಅವಳಿಗೆ ತನ್ನ ಮೇಲೆಯೇ ಮೈ ಉರಿಯಿತು.

ಭಾನುವಾರ ಹೆಂಗಸರು ಎಂದಿನಂತೆ ಬಂದರು. ಗೇಟು ಮುಚ್ಚಿತ್ತು. ಒಳಗಡೆ ಸಿದ್ದಗಂಗಮ್ಮ ನಿಂತಿದ್ದಳು.

"ಗೇಟು ತೆಗಿ ಸಿದ್ದಗಂಗಕ್ಕ," ಎಂದಳು ಮುಂದಿದ್ದ ಕಲ್ಲಮ್ಮ.

"ಚಂದ್ರಿಗೆ ಹುಷಾರಿಲ್ಲ. ಇವತ್ತು ಇಲ್ಲ, ಮುಂದೆನೂ ಇಲ್ಲ. ತಟ್ಟೆ ವಾಪಸ್ ತಗೊಂಡು ಹೋಗಿ."

"ಎಂತ ಮಾತು ಇದು? ಮೊಮ್ಮಗ ಜ್ವರ ಬಂದು ಎರಡು ದಿನ ಕಣ್ಣು ಬಿಟ್ಟಿರಲಿಲ್ಲ. ಮೈಲಾರನ ಕುದುರೆಗೆ ಐದು ವಾರ ತಿನ್ನಿಸ್ತೀನಿ ಅಂತ ಹೊತ್ತಿದೀನಿ. ತೀರಿಸದೆ ಬಿಟ್ಟು ಹುಡುಗನಿಗೆ ಹೆಚ್ಚುಕಮ್ಮಿ ಆದ್ರೆ ನೀನು ಬರ್ತೀಯಾ? ದೇವರಿಗೆ ಅಡ್ಡ ನಿಲ್ಲೋಷ್ಟು ದೊಡ್ಡವಳಾದ್ಯಾ?"

ಹಿಂದಿದ್ದವರೂ ದನಿಗೂಡಿಸಿದರು. ಮಗ ದುಡ್ಡು ಮಾಡಿಕೊಂಡ ಮೇಲೆ ತಾಯಿಗೂ ಕೊಬ್ಬು ಬಂತು ಎಂದಳೊಬ್ಬಳು. ಜಗಳಕ್ಕೆ ಸಿದ್ದಗಂಗಮ್ಮ ಯಾವತ್ತೂ ಹಿಂದೆ ಬಿದ್ದವಳಲ್ಲ. ಆದರೆ ಅವತ್ತು ಗೇಟನ್ನು ಒಬ್ಬರು ನುಸುಳುವಷ್ಟು ತೆರೆದು, ಕಲ್ಲಮ್ಮನ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಅವಳ ರಟ್ಟೆ ಹಿಡಿದು ಸೀದಾ ಕೊಟ್ಟಿಗೆಗೆ ಎಳೆದೊಯ್ದಳು. ಬಾಗಿಸಿ ಅವಳ ಅಂಗೈಯನ್ನು ಚಂದ್ರಿಯ ಗೊರಸಿನ ಮೇಲೆ ಒತ್ತಿ ಹಿಡಿದಳು.

ಕಲ್ಲಮ್ಮ ಕೈ ಕಿತ್ತುಕೊಳ್ಳಲು ನೋಡಿದಳು. ಆಮೇಲೆ ತಾನೇ ಅಂಗೈಯನ್ನು ಅಲ್ಲೇ ಇಟ್ಟುಕೊಂಡಳು.

"ಅಯ್ಯೋ ಶಿವನೇ," ಎಂದಳು. "ಹುಡುಗನ ಹಣೆನೂ ಹಿಂಗೇ ಸುಡ್ತಿತ್ತು ಕಣೇ."

ಚಂದ್ರಿ ಮಲಗಿದಲ್ಲಿಂದಲೇ ಕತ್ತು ಎತ್ತಿ, ಕಲ್ಲಮ್ಮನ ಖಾಲಿ ಕೈಯನ್ನು ಮೂಸಿದಳು.

ಸಿದ್ದಗಂಗಮ್ಮ ಅಂಗಳಕ್ಕೆ ಬಂದಳು. ಗೇಟಿನಾಚೆ ಹೆಂಗಸರು, ಜಗಲಿಯಲ್ಲಿ ಪ್ರವಾಸಿಗಳು, ಐಸಿನ ಚೀಲ ಹಿಡಿದು ಆಗಷ್ಟೇ ಬೈಕಿನಿಂದ ಇಳಿದ ಮಲ್ಲೇಶ. ಎಲ್ಲರಿಗೂ ಕೇಳುವಂತೆ ಕೂಗಿದಳು:

"ಕೇಳಿ ಎಲ್ರೂ! ಈ ಕುದುರೆ ನೆಲ ಹಿಡಿದಿದ್ದು ನನ್ನ ಕೈಯಿಂದ. ಡಾಕ್ಟ್ರು ಬೇಡ ಅಂದ್ಮೇಲೂ ನಾನೇ ಕದ್ದು ತಿನ್ನಿಸ್ದೆ. ಇವನು ಹಗಲೂ ರಾತ್ರಿ ಚಾಕರಿ ಮಾಡ್ದ, ನಾನು ಇವನ ಮೇಲೇ ಪಾಪ ಹೊರಿಸ್ದೆ. ಹರಕೆ ತೀರಲಿಲ್ಲ ಅಂತ ಮೈಲಾರ ಕೇಳಿದ್ರೆ ನನ್ನ ಮನೆ ದಾರಿ ತೋರಿಸಿ. ಬೈಯೋರು ನನ್ನ ಬೈರಿ. ಕಡಲೆ ಮಾತ್ರ ಒಂದೂ ಒಳಗೆ ಬರಲ್ಲ!"

ಕೆಲವರು ಬೈದೇ ಹೋದರು. ಒಬ್ಬಳು ಗೇಟಿನ ಮುಂದೆ ಮಣ್ಣು ತೂರಿ ಶಾಪ ಹಾಕಿದಳು. ಸಿದ್ದಗಂಗಮ್ಮ ಕದಲಲಿಲ್ಲ. ಮಲ್ಲೇಶ ಹತ್ತಿರ ಬಂದು ಐಸಿನ ಚೀಲವನ್ನು ತಾಯಿಯ ಕೈಗೆ ಕೊಟ್ಟ.

"ಎಂತ ನಿಂತಿದೀಯ ಕಂಬದ ಹಾಗೆ?" ಎಂದು ಅವಳು ಗದರಿದಳು. "ಬಾ, ನೀನು ಕಾಲು ಹಿಡ್ಕೋ. ನಾನು ಐಸ್ ಇಡ್ತೀನಿ."